ಬಲಗಣ್ಣಿನ ಕೆಳಗಿನ ಅರ್ಧ

ನಮ್ಮ ಮನೆಯವರಿಗೆ ತಂಬಾಕು ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಬೇಯಿಸುವ ಬ್ಯಾರನ್ ಮನೆಯ ಮೇಲಿರುವ ಕಾಳಜಿಯಲ್ಲಿ ಕಾಲುಭಾಗವೂ ತಮ್ಮ ಮೈಮೇಲಿಲ್ಲ. ಪಿರಿಯಾಪಟ್ಟಣದ ಕಡೆಯವರೆಲ್ಲ ಹೀಗೇ. ಒಳಗೆ ಸೊಪ್ಪು ಏರಿಸಿದ ಮೇಲೆ ಬೆಂಕಿ ಬಿಟ್ಟು ಕದಲುವುದಿಲ್ಲ. ಅವತ್ತು ಬೆಳಗ್ಗೆ ಎಡಗಣ್ಣು ಮುಚ್ಚಿ, ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡುತ್ತಿದ್ದವರು ತಟ್ಟನೆ ಹಿಂದೆ ಸರಿದರು.

"ಬಲಗಣ್ಣಲ್ಲಿ ಕೆಳಗಿನ ಅರ್ಧ ಕಾಣ್ತಿಲ್ಲ ಕಣೆ. ಕತ್ಲಾಗೋಗೈತೆ."

"ನೋವೈತಾ?"

"ಇಲ್ಲ. ಹೊಗೆ ವೊಡ್ದೈತೆ ಬುಡು, ಸರೋಯ್ತದೆ."

ಹೊಗೆ ಹೊಡೆದರೆ ಉರಿಯಬೇಕು, ನೀರು ಸುರಿಯಬೇಕು. ಇಲ್ಲಿ ಎರಡೂ ಇಲ್ಲ. ಆಸ್ಪತ್ರೆಗೆ ಹೊರಡಿ ಎಂದರೆ, ಶಾಖ ಇಳಿದರೆ ಸೊಪ್ಪಿನ ಬಣ್ಣ ಕೆಡುತ್ತದೆ ಎಂದು ಅಲ್ಲೇ ಕೂತರು. ಮುಕ್ಕಾಲು ಗಂಟೆ ಜಗಳವಾಡಿದೆ.

"ಸೊಪ್ಪು ಮುಂದಿನ್ ವರ್ಸವೂ ಬೆಳೀತದೆ ಕಣ್ರೀ, ಕಣ್ಣು ಬೆಳೀತದಾ?" ಎಂದು ಕಿರುಚಿ, ಬೆಂಕಿಯನ್ನು ಮೈದುನನಿಗೆ ವಹಿಸಿ, ಇವರನ್ನು ಮೈಸೂರಿಗೆ ಕಾರು ಹತ್ತಿಸಿದೆ. ಹುಣಸೂರು ದಾಟುವವರೆಗೂ ಫೋನಿನಲ್ಲಿ ತಮ್ಮನಿಗೆ ಸೌದೆ ಹಾಕುವ ಪಾಠ ನಡೆದೇ ಇತ್ತು, ಪುಣ್ಯಾತ್ಮರದು!

ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಬೆಳಕು ಬಿಟ್ಟು ಒಳಗೆ ನೋಡಿದರು.

"ಕಣ್ಣಿನ ಹಿಂದಿನ ಪರದೆಗೆ ರಕ್ತ ಕೊಡೋ ಸಣ್ಣ ನಾಳ ಒಂದು ಕಟ್ಟಿಕೊಂಡಿದೆ. ರಕ್ತ ಸಿಗದಿದ್ದರೆ ಪರದೆ ಹೆಚ್ಚು ಹೊತ್ತು ತಡೆಯಲ್ಲ. ಪ್ರಯತ್ನ ಮಾಡೋಣ, ಖಾತ್ರಿ ಕೊಡಲಾರೆ. ಕಟ್ಟಿಕೊಂಡ ಚೂರು ಹೃದಯದಿಂದಲೋ ಕುತ್ತಿಗೆಯ ನಾಳದಿಂದಲೋ ಬಂದಿರಬಹುದು, ಅವನ್ನೂ ಇವತ್ತೇ ತೋರಿಸಬೇಕು."

ರೆಪ್ಪೆ ಮುಚ್ಚಿಸಿ, ಮೇಲಿಂದ ಬೆರಳಿನಲ್ಲಿ ಒತ್ತಿದರು, ತಟ್ಟನೆ ಬಿಟ್ಟರು. ಮತ್ತೆ ಒತ್ತಿದರು, ಬಿಟ್ಟರು. ಕಣ್ಣಿನ ಒತ್ತಡ ಇಳಿಯಲು ಮಾತ್ರೆ ಕೊಟ್ಟರು. ನಾಳದಲ್ಲಿ ಸಿಕ್ಕಿಕೊಂಡದ್ದು ಮುಂದೆ ಸರಿದರೆ ಕಣ್ಣು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಗಂಡ ಬ್ಯಾರನ್ ಸುದ್ದಿ ಎತ್ತದೆ ಅಷ್ಟು ಹೊತ್ತು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅದಕ್ಕೇ ಇನ್ನಷ್ಟು ಭಯವಾಯಿತು.

ಒಂದು ಗಂಟೆ ಕಳೆದ ಮೇಲೆ ಡಾಕ್ಟರಮ್ಮ ಇವರ ಎಡಗಣ್ಣು ಮುಚ್ಚಿಸಿ, ನನ್ನನ್ನು ಎದುರಿಗೆ ನಿಲ್ಲಿಸಿದರು.

"ನಿಮ್ಮ ಹೆಂಡತಿಯ ಮೂಗನ್ನೇ ನೋಡ್ತಿರಿ. ಕಣ್ಣು ಅಲ್ಲಾಡಿಸಬೇಡಿ. ಕೆಳಗಡೆ ಏನಾದರೂ ಕಾಣುತ್ತಾ?"

ಇವರು ನನ್ನ ಮೂಗಿನ ಮೇಲೆ ಕಣ್ಣು ನೆಟ್ಟರು.

"ಸೀರೆ ಕಾಣ್ತದೆ... ಮಂಜುಮಂಜಾಗಿ," ಎಂದರು. ಆಮೇಲೆ ದನಿ ಏರಿತು. "ಒಂದು ಕಾಲಲ್ಲಿ ಕೆಂಪು, ಇನ್ನೊಂದ್ರಲ್ಲಿ ಬಿಳೀದು! ಅಲ್ಲ ಕಣೆ, ನನ್ ಚಪ್ಲಿ ಯಾಕೆ ಆಕ್ಕಂಡ್ ಬಂದಿದ್ದೀಯೆ?"

ಬಗ್ಗಿ ನೋಡಿದೆ. ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಇವರದು. ಬೆಳಗಿನಿಂದ ಹಾಗೇ ಓಡಾಡಿದ್ದೆ! ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇವರನ್ನು ಬಯ್ಯಲೆಂದು ಬಾಯಿ ತೆರೆದೆ, ಅಳು ಬಂದುಬಿಟ್ಟಿತು.