ಬಸ್ಸಿನ ಹಾರ್ನ್

ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಹಾರ್ನ್ ಹಾಕಿಸುವ ಖರ್ಚು ಉಳಿಸಲು ಪಾಣೆಮಂಗಳೂರಿನ ಗುಜರಿ ಅಂಗಡಿಯಿಂದ ಹಳೆಯದೊಂದನ್ನು ತಂದೆ. ರಬ್ಬರಿನ ಉಂಡೆ ಹಿಸುಕಿದರೆ ‘ಭೋಂಪ್’ ಎನ್ನುವ ಹಿತ್ತಾಳೆಯ ಹಾರ್ನ್. “ಸರ್ವಿಸ್ ಬಸ್ಸಿನದ್ದು ಸ್ವಾಮೀ, ಬೆಳ್ತಂಗಡಿವರೆಗೆ ಎಲ್ಲರಿಗೂ ಇದರ ಗುರುತು ಉಂಟು” ಎಂದರು ಅಂಗಡಿಯ ಸಾಹೇಬರು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ನಾನಾಗ ಶಾಲಾ ಇನ್‌ಸ್ಪೆಕ್ಟರ್, ಆ ಕಡೆಗೆ ಹೊಸಬ. ಬೆಳ್ತಂಗಡಿಯ ಒಬ್ಬ ಹೆಡ್‌ಮಾಸ್ಟರು ದಿನಾ ತಡವಾಗಿ ಬರುತ್ತಾರೆಂದು ದೂರಿತ್ತು. ಹತ್ತು ಗಂಟೆಗೆ ಮೊದಲೇ ಹೋಗಿ ಅವರನ್ನು ಹಿಡಿಯಬೇಕೆಂದು ಮರುದಿನ ಹೊರಟೆ.

ಮೊದಲ ತಿರುವಿನಲ್ಲಿ ಹಾರ್ನ್ ಹಿಸುಕಿದ್ದೇ ತಡ, ಅಜ್ಜಿಯೊಬ್ಬರು ರಸ್ತೆಗೆ ಅಡ್ಡ ನಿಂತರು. ಕಾರು ನಿಂತ ಕೂಡಲೇ ಬಾಗಿಲು ತೆಗೆದು, ಕೋಳಿಬುಟ್ಟಿಯೊಂದಿಗೆ ಹಿಂದೆ ಕೂತರು.

“ಅಜ್ಜೀ, ಇದು ಬಸ್ಸಲ್ಲ.”

“ನನಗೆ ಕಣ್ಣು ಮಂಜು, ಕಿವಿ ಸರಿ ಉಂಟು. ಬಿಡು ಮಾರಾಯ, ಹೊತ್ತಾಯ್ತು!”

ವಾದಕ್ಕೆ ನಿಂತರೆ ನನಗೇ ತಡವಾಗುತ್ತಿತ್ತು. ಹೊರಟೆ. ಗುರುವಾಯನಕೆರೆಯ ತಿರುವಿನಲ್ಲಿ ಮತ್ತೆ ಹಿಸುಕಿದಾಗ ಕೊಡೆ ಹಿಡಿದವರೊಬ್ಬರು ಓಡಿಬಂದರು. ಕಾರನ್ನು ನೋಡಿ ಅನುಮಾನಿಸಿದರು, ಅಜ್ಜಿಯನ್ನು ನೋಡಿ ಧೈರ್ಯದಿಂದ ಹತ್ತಿದರು.

“ಸ್ವಲ್ಪ ಆಚೆ ಸರಿಯಿರಿ ಅಜ್ಜೀ. ಬಸ್ಸು ಸಣ್ಣದಾದರೂ ಬೇಗ ಬಂತಲ್ಲ, ಒಳ್ಳೆಯದಾಯ್ತು. ಇವತ್ತು ಹೊಸ ಇನ್‌ಸ್ಪೆಕ್ಟರ್ ಬರ್ತಾನಂತೆ. ನಾನು ಹೆಡ್‌ಮಾಸ್ಟ್ರು ನೋಡಿ, ಮೊದಲೇ ಅಲ್ಲಿರಬೇಕು.”

ಅಜ್ಜಿಯನ್ನು ಪೇಟೆಯಲ್ಲಿ ಇಳಿಸಿ, ಹತ್ತಕ್ಕೆ ಐದು ನಿಮಿಷ ಇರುವಾಗ ಶಾಲೆಯ ಎದುರು ನಾನೂ ಹೆಡ್‌ಮಾಸ್ಟರೂ ಒಟ್ಟಿಗೆ ಇಳಿದೆವು. ಹೆಡ್‌ಮಾಸ್ಟರು ಸಮಯಕ್ಕೆ ಸರಿಯಾಗಿ ಹಾಜರಿದ್ದರು ಎಂದು ವರದಿಯಲ್ಲಿ ಬರೆದೆ. ಹೇಗೆ ಬಂದರು ಎಂದು ಬರೆಯಲು ಆ ಫಾರಂನಲ್ಲಿ ಜಾಗವಿರಲಿಲ್ಲ.