ಸಾರಿಸಿದ ನೆಲ

ನಾನು ಚಿಕ್ಕವಳಿದ್ದಾಗ ಹಳಿಯಾಳದಾಚೆಯ ನಮ್ಮೂರಿಗೆ ಫಾದರ್ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಆ ಸಲ ಅವರು ನಮ್ಮ ಮನೆಗೇ ಬರುವವರಿದ್ದರು. ಅಜ್ಜಿ ಮಳೆಗಾಲವಿಡೀ ಹಾಸಿಗೆ ಹಿಡಿದಿದ್ದಳು, ಚರ್ಚಿನತನಕ ನಡೆಯುವ ಶಕ್ತಿ ಇರಲಿಲ್ಲ. ಅವಳಿಗೆ ಪರಮಪ್ರಸಾದ ಕೊಡಲು ತಾವೇ ಬರುವುದಾಗಿ ಫಾದರ್ ಹೇಳಿಕಳಿಸಿದ್ದರು.

ಶುರುವಾಯಿತಲ್ಲ ಗಡಿಬಿಡಿ! ಅಪ್ಪ ಕೋಳಿ ಹಿಡಿಯಲು ಬೇಲಿ ಹಾರಿದ. ಅಕ್ಕ ಕುರ್ಚಿ ಕೇಳಿ ತರಲು ಓಡಿದಳು. ನಮ್ಮಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಖಾರ ಅರೆಯುತ್ತಿದ್ದ ಅವ್ವ, "ನೆಲಾ ನೀ ಸಾರಿಸಿಬಿಡವಾ, ಫಾದರ್ ಕಾಲಿಡೂ ಮನಿ" ಎಂದಳು. ನನಗೋ ಜಂಬ. ಸೆಗಣಿಗೆ ಇದ್ದಿಲ ಪುಡಿ ಕಲಸಿ, ಅಜ್ಜಿಯ ಚಾಪೆಯ ಅಂಚಿನಿಂದ ಬಾಗಿಲತನಕ, ಬೆರಳಿನ ಗೆರೆ ಸುತ್ತುಸುತ್ತಾಗಿ ಮೂಡುವ ಹಾಗೆ ಸಾರಿಸಿಕೊಂಡು ಬಂದೆ. ಹಸಿ ಸೆಗಣಿಯ ವಾಸನೆಯ ಜೊತೆಗೆ ಹುರಿದ ಕೊಬ್ಬರಿಯ ಘಮ ಬರುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು.

ಆಗ ಅಜ್ಜಿ ಕರೆದಳು. "ಬಾ ಇಲ್ಲೆ, ನನ್ನ ಕೂಡ ಕುಂತು ಒಂದಿಷ್ಟು ಜಪಾ ಮಾಡು. ಒಬ್ಬಾಕಿಗೆ ಅಂಜಿಕಿ ಆಗತೈತಿ."

"ನೆಲಾ ಹಸಿ ಐತಿ ಅಜ್ಜಿ, ಆರಿದ ಮ್ಯಾಲ ಬರ್ತೇನಿ" ಎಂದೆ, ಬಾಗಿಲಲ್ಲೇ ನಿಂತು.

ಮತ್ತೊಮ್ಮೆ ಕರೆದಳು. "ಬಂದೆರಿ ಅತ್ತಿ, ಕೋಳಿ ಒಂದೀಟು ಕುದೀಲಿ" ಎಂದು ಅವ್ವ ಹಿತ್ತಲಿಂದಲೇ ಕೂಗಿದಳು. ಆಮೇಲೆ ಅಜ್ಜಿ ಕರೆಯಲಿಲ್ಲ. ನಿದ್ದೆ ಹತ್ತಿತೆಂದುಕೊಂಡು, ನಾಯಿ ಒಳಗೆ ನುಗ್ಗದ ಹಾಗೆ ಬಾಗಿಲು ಕಾಯುತ್ತ ಕುಳಿತೆ.

ಫಾದರ್ ಬಂದಾಗ ಎಲ್ಲ ಸಿದ್ಧವಾಗಿತ್ತು. ಅವರು ಅಜ್ಜಿಯ ಪಕ್ಕ ಮೊಣಕಾಲೂರಿ, ಅವಳ ಕೈ ಮುಟ್ಟಿ ನೋಡಿದರು. ಮೈ ಆಗಲೇ ತಣ್ಣಗಾಗಿತ್ತು. ಅಜ್ಜಿ ಹೋಗಿಬಿಟ್ಟಿದ್ದಳು.

"ಹತ್ರ ಯಾರಿದ್ರಿ?" ಎಂದು ಫಾದರ್ ಕೇಳಿದರು. ಅವ್ವ ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ನನಗೆ ಅಳು ಬರಲಿಲ್ಲ. ಏನೂ ಅನಿಸಲೇ ಇಲ್ಲ. ಜನ ಬಂದರು, ಹೋದರು. 'ಅಯ್ಯೋ, ನನ್ನ ಗೆರೆಯೆಲ್ಲ ತುಳಿದು ಹಾಕಿದರಲ್ಲ' ಎಂದಷ್ಟೇ ಅಂದುಕೊಳ್ಳುತ್ತ ಕುಳಿತಿದ್ದೆ, ಕಲ್ಲಿನ ಹಾಗೆ. ಅಪ್ಪ ಊಟ ಮಾಡೆಂದ. ಮಾಡಿದೆ. ಅದನ್ನು ನೆನೆದರೆ ಈಗಲೂ ಎದೆ ಮರಗಟ್ಟುತ್ತದೆ.

ಮಕ್ಕಳೇ, ನಿಮ್ಮದು ಬೇರೆ ಕಾಲ. ಇಲ್ಲಿ ದಾಂಡೇಲಿಯ ಚರ್ಚಿನಲ್ಲಿ ಪ್ರತಿ ಭಾನುವಾರ ಪೂಜೆ ಇದೆ, ಫೋನ್ ಮಾಡಿದರೆ ಫಾದರ್ ಬೈಕಿನಲ್ಲಿ ಬಂದುಬಿಡುತ್ತಾರೆ. ನಿಮಗೆ ಟ್ಯೂಷನ್, ಪ್ರಾಜೆಕ್ಟು, ಮೊಬೈಲು, ಪುರುಸೊತ್ತೇ ಇಲ್ಲ. ಸಂಜೆ ಪ್ರಾರ್ಥನೆಗೆ ಕರೆದರೆ "ಐದ ನಿಮಿಷ ಅಜ್ಜಿ" ಅನ್ನುತ್ತೀರಿ. ನಿಮ್ಮವ್ವ ಸಿಡುಕುತ್ತಾಳೆ. ನಾನು ಮಾತ್ರ ಬೈಯುವುದಿಲ್ಲ. ಬೈಯಲು ನನಗೆ ಬಾಯಿಲ್ಲ.