ಅವ್ವನ ಚಿತ್ರದ ಪಕ್ಕದಲ್ಲಿ ನಿಂತು ಹೇಳಿದ್ದು

ಅಮೆರಿಕದ ಒಂದು ಚರ್ಚಿನ ಯುವಕರ ತಂಡ ಹುಮನಾಬಾದಿನ ನಮ್ಮ ಚರ್ಚಿಗೆ ಸೇವೆ ಮಾಡಲು ಬಂದಾಗ ನಾನು ಶಿಕ್ಷಕಿಯ ತರಬೇತಿ ಮುಗಿಸಿ, ಕೆಲಸವಿಲ್ಲದೆ ಮನೆಯಲ್ಲಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಮಿಷನ್ ಹಾಸ್ಟೆಲಿನಲ್ಲಿ ಓದಿದ್ದರಿಂದ ನನಗೆ ಇಂಗ್ಲಿಷ್ ಬರುತ್ತಿತ್ತು. ಚರ್ಚಿನ ಯುವಜನ ಸಂಘದಲ್ಲಿ ಅಷ್ಟು ಇಂಗ್ಲಿಷ್ ಬಲ್ಲ ಹುಡುಗಿ ನಾನೊಬ್ಬಳೇ. ಹಾಗಾಗಿ ಪಾದ್ರಿ ಸಾಹೇಬರು ಆ ತಂಡ ಇರುವಷ್ಟು ದಿನ ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ತಿಳಿಸುವ ಕೆಲಸವನ್ನು ನನಗೆ ಒಪ್ಪಿಸಿದರು.

ಅಪ್ಪ ಗೌಂಡಿ. ಅವ್ವ ಅಪ್ಪನ ಜೊತೆಗೇ ಕೆಲಸಕ್ಕೆ ಹೋಗುವವಳು. ನಮ್ಮ ಕಡೆ ಹೆಂಗಸರು ಗಾರೆ ಕಲಸುತ್ತಾರೆ, ಕಲ್ಲು ಹೊರುತ್ತಾರೆ, ಗೋಡೆಗೆ ಕೈ ಹಾಕುವುದಿಲ್ಲ. ಅವ್ವ ಹಾಕುತ್ತಿದ್ದಳು. ಅಪ್ಪನ ಒಂದು ಕಣ್ಣು ಮಂಜಾದ ಮೇಲಂತೂ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದೆಲ್ಲ ಅವಳದೇ ಕೆಲಸವಾಗಿತ್ತು. ಒಂದು ಕಣ್ಣು ಮುಚ್ಚಿ ಗೋಡೆಯ ಅಂಚಿಗೆ ಮುಖ ತಂದು ನಿಲ್ಲುತ್ತಿದ್ದಳು. ಅವಳು "ಸರಿ ಅದ" ಎಂದರೆ ಮಾತ್ರ ಅಪ್ಪ ಮುಂದಿನ ಸಾಲು ಇಡುತ್ತಿದ್ದ. ಘಾಟಬೋರಾಳ, ನಿರ್ಣಾ ಕಡೆಯ ಗೌಡರು ಮನೆ ಕಟ್ಟಿಸುವಾಗ ಅಪ್ಪನಿಗೆ ಹೇಳಿ ಕಳಿಸಿದರೆ, ಜೊತೆಗೆ ಆಕೆಯೂ ಬರಲಿ ಎಂದು ಸೇರಿಸುತ್ತಿದ್ದರು. ಅದು ಅವ್ವನಿಗೆ ಬಹಳ ಹೆಮ್ಮೆಯ ವಿಷಯ.

ಬಂದವರು ಹನ್ನೆರಡು ಮಂದಿ, ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು. ಅವರನ್ನು ಕರೆತಂದ ನಡುವಯಸ್ಸಿನ ಹೆಂಗಸನ್ನು ನಾವೆಲ್ಲ ಮಿಸ್ಸಮ್ಮ ಎಂದು ಕರೆದೆವು. ಚರ್ಚಿನ ಅಂಗಳದಲ್ಲಿ ಭಾನುವಾರದ ಶಾಲೆಗೆ ಎರಡು ಕೋಣೆ ಕಟ್ಟಿಕೊಡುವುದು ಅವರ ಸೇವೆ. ಪಾದ್ರಿ ಸಾಹೇಬರು ಅಪ್ಪನನ್ನು ಕರೆದು, ಕಟ್ಟುವುದೆಲ್ಲ ಅವರೇ, ನೀವು ಗಾರೆ ಕಲಸಿ ಕೊಟ್ಟರೆ ಸಾಕು ಎಂದರು.

ಆ ಹುಡುಗರು ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ನನ್ನದೇ ತಪ್ಪಾಗುತ್ತದೆ. ಬಿಸಿಲಲ್ಲಿ ಮುಖ ಕೆಂಪಾಗಿ ಸುಲಿದರೂ, ಅಂಗೈಯಲ್ಲಿ ಬೊಬ್ಬೆ ಎದ್ದರೂ ಹಾಡುತ್ತ ಕಲ್ಲು ಹೊತ್ತರು. ಆದರೆ ಅವರಲ್ಲಿ ಒಬ್ಬರೂ ಹಿಂದೆ ಗೋಡೆ ಕಟ್ಟಿದವರಲ್ಲ. ಬೆಳಿಗ್ಗೆ ಅವರು ಏರಿಸಿದ ಸಾಲುಗಳು ಹಾವಿನಂತೆ ಹೊರಳುತ್ತಿದ್ದವು. ಮಧ್ಯಾಹ್ನ ಊಟವಾಗಿ ಅವರು ತಾವು ಇಳಿದುಕೊಂಡಿದ್ದ ಮಿಷನ್ ಬಂಗಲೆಯಲ್ಲಿ ಮಲಗಿದಾಗ ಅಪ್ಪ ಅವ್ವ ಇಬ್ಬರೂ ಬಂದು, ಹಸಿ ಗಾರೆ ಬಿಗಿಯುವ ಮುಂಚೆ ಆ ಸಾಲುಗಳನ್ನು ಬಿಚ್ಚಿ, ಅವೇ ಕಲ್ಲುಗಳನ್ನು ನೆಟ್ಟಗೆ ಕೂರಿಸುತ್ತಿದ್ದರು. ನಾಲ್ಕು ಗಂಟೆಗೆ ಎದ್ದು ಬಂದ ಹುಡುಗರು ತಮ್ಮ ಗೋಡೆ ನೋಡಿ ಖುಷಿಪಡುತ್ತಿದ್ದರು. ಕಡೆಯವರೆಗೂ ಅವರಿಗೆ ಇದು ತಿಳಿಯಲಿಲ್ಲ. ತಿಳಿಯಬಾರದೆಂದು ಪಾದ್ರಿ ಸಾಹೇಬರು ನನಗೆ ಮೊದಲೇ ಹೇಳಿದ್ದರು. ಬಂದ ಮಕ್ಕಳ ಮನಸ್ಸು ನೋಯಿಸುವುದೇಕೆ ಎಂದು ನನಗೂ ಅನ್ನಿಸಿತ್ತು.

ಒಂದು ದಿನ ಅವ್ವನಿಗೆ ಮಧ್ಯಾಹ್ನದವರೆಗೆ ತಡೆಯಲಾಗಲಿಲ್ಲ. ಮೂಲೆಯ ಗೋಡೆ ಹೊರಕ್ಕೆ ಉಬ್ಬಿತ್ತು. ಗೋಡೆಯ ನೇರ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆ ಗುಂಡು ಒಬ್ಬ ಹುಡುಗನ ಕೈಯಲ್ಲಿತ್ತು. ಅವನು ಅದನ್ನು ಸುಮ್ಮನೆ ತೂಗಾಡಿಸುತ್ತ ನಿಂತಿದ್ದ. ಅವ್ವ ಗಾರೆಯ ಬುಟ್ಟಿ ಇಳಿಸಿ ಅವನ ಮುಂದೆ ಹೋಗಿ ನಿಂತಳು. ತಲೆ, ಹುಬ್ಬು ಎಲ್ಲ ಸುಣ್ಣದ ಧೂಳು. ಕೆಲಸಕ್ಕೆಂದೇ ಇಟ್ಟುಕೊಂಡ ಹರಿದ ಸೀರೆ. ಕೈ ಚಾಚಿ, "ಅದು ಇಲ್ಲಿ ಕೊಡ್ರಿ. ಗ್ವಾಡಿ ಹೊಟ್ಟಿ ಬಿಟ್ಟದ" ಎಂದಳು.

ಅವನು ನನ್ನ ಮುಖ ನೋಡಿದ. ಗೋಡೆಯ ಮಾತನ್ನು ನಾನು ಬಿಟ್ಟುಬಿಟ್ಟೆ. ಆಕೆ ಅದನ್ನು ನೋಡಬೇಕಂತೆ ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಮಿಸ್ಸಮ್ಮ ಕ್ಯಾಮೆರಾ ಎತ್ತಿ ಅವ್ವನ ಫೋಟೋ ತೆಗೆದಿದ್ದರು. ಅವ್ವ ಗುಂಡು ಇಳಿಬಿಟ್ಟು, ಗೋಡೆಗೂ ದಾರಕ್ಕೂ ನಡುವಿನ ಅಂತರ ನೋಡಿ ನಕ್ಕಳು. ಆ ಮಧ್ಯಾಹ್ನ ಅಪ್ಪ ಅವ್ವ ಆ ಮೂಲೆಯನ್ನು ಬುಡದಿಂದ ಬಿಚ್ಚಿ ಕಟ್ಟಿದರು.

ತಂಡ ಹೋದ ಮರುವರ್ಷ ಅಲ್ಲಿಂದ ಪತ್ರ ಬಂತು. ನಮ್ಮ ಯುವಜನ ಸಂಘದಿಂದ ನಾಲ್ಕು ಮಂದಿ ಅವರ ದೇಶಕ್ಕೆ ಬಂದು ಆರು ವಾರ ಸೇವೆ ಮಾಡಬೇಕು, ಖರ್ಚೆಲ್ಲ ಅವರದು. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಆಯ್ಕೆಯಾದೆವು. ಅವರು ಬಂದು ನಮಗೆ ಕಟ್ಟಿಕೊಟ್ಟಂತೆ ನಾವೂ ಹೋಗಿ ಅಲ್ಲಿ ಏನಾದರೂ ಕಟ್ಟುತ್ತೇವೆ ಎಂದೇ ನಾನು ನಂಬಿದ್ದೆ. ನಾನು ಗೌಂಡಿಯ ಮಗಳು, ರಜೆಯಲ್ಲಿ ಕಲ್ಲು ಹೊತ್ತವಳು. ಅಪ್ಪ ಗಾರೆ ಹಚ್ಚುವ ತನ್ನ ಥಾಪಿಯನ್ನು ಉಜ್ಜಿ ಬೆಳಗಿಸಿ ಬಟ್ಟೆಯಲ್ಲಿ ಸುತ್ತಿ ನನ್ನ ಟ್ರಂಕಿನಲ್ಲಿಟ್ಟ. ಅಲ್ಲಿ ಎಂಥ ಕಲ್ಲು ಸಿಗುತ್ತದೆ ನೋಡಿಕೊಂಡು ಬಾ ಎಂದು ಅವ್ವ ಹೇಳಿದಳು. ಹೈದರಾಬಾದಿನ ಬಸ್ಸು ಹತ್ತಿಸಲು ಇಡೀ ಕೇರಿ ಬಂದಿತ್ತು.

ಅಲ್ಲಿನ ಮನೆಗಳೆಲ್ಲ ಮರದವು. ನಾನು ಮಿಸ್ಸಮ್ಮನ ಮನೆಯಲ್ಲಿ ಉಳಿದೆ. ಮೆತ್ತನೆ ಹಾಸಿಗೆ, ಕಿಟಕಿಯಾಚೆ ಹುಲ್ಲಿನ ಅಂಗಳ. ಮೂರು ದಿನ ಊರು ತೋರಿಸಿದರು. ನಾಲ್ಕನೆಯ ದಿನ ಕೆಲಸ ಯಾವಾಗ ಶುರು ಎಂದು ಕೇಳಿದೆ. ಇವತ್ತು ಸಂಜೆಯಿಂದಲೇ ಎಂದರು. ನಮ್ಮ ಕೆಲಸ ಏನೆಂದರೆ, ಹುಡುಗಿಯರು ರೇಷ್ಮೆ ಸೀರೆ ಉಟ್ಟು, ಹುಡುಗರು ಪಂಚೆ ಉಟ್ಟು, ದಿನಕ್ಕೊಂದು ಚರ್ಚಿಗೆ ಹೋಗಿ ನಿಲ್ಲುವುದು. ಮನೆಯಲ್ಲಿ ಪಂಚೆ ಉಟ್ಟೇ ಗೊತ್ತಿರದ ಆ ಹುಡುಗರಿಗೆ ಅದನ್ನು ಮಿಸ್ಸಮ್ಮನೇ ಕೊಡಿಸಿದ್ದರು. ಊಟವಾದ ಮೇಲೆ ದೀಪ ಆರಿಸಿ ಪರದೆಯ ಮೇಲೆ ನಮ್ಮ ಊರಿನ ಚಿತ್ರಗಳನ್ನು ಬಿಡುತ್ತಿದ್ದರು. ಪಕ್ಕದಲ್ಲಿ ನಿಂತು ನಾನು ಇಂಗ್ಲಿಷಿನಲ್ಲಿ ವಿವರಣೆ ಓದಬೇಕು.

ವಿವರಣೆಯ ಹಾಳೆಯನ್ನು ಮಿಸ್ಸಮ್ಮ ಮಧ್ಯಾಹ್ನವೇ ಕೊಟ್ಟು ನನ್ನಿಂದ ಎರಡು ಸಲ ಓದಿಸಿದ್ದರು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ಈ ತಾಯಿ ತನ್ನ ಹಸಿದ ಮಕ್ಕಳಿಗಾಗಿ ನಮ್ಮ ಮುಂದೆ ಕೈ ಚಾಚಿದ್ದಾಳೆ, ನಾವು ಹೋಗುವವರೆಗೆ ಆಕೆಯ ತಲೆಯ ಮೇಲೆ ಸೂರು ಇರಲಿಲ್ಲ. ಯಾರೋ ಬಡವಿಯ ಮಾತು ಎಂದುಕೊಂಡು, ಉಚ್ಚಾರ ಸರಿಯಾಗಿರಲಿ ಎಂದು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಿದ್ದೆ.

ಸಂಜೆ ಆ ವಾಕ್ಯ ಓದುತ್ತ ತಿರುಗಿ ನೋಡಿದರೆ ಪರದೆಯ ತುಂಬ ಅವ್ವ. ಸುಣ್ಣದ ಧೂಳು, ಹರಿದ ಸೀರೆ, ಚಾಚಿದ ಕೈ. ಗುಂಡು ಹಿಡಿದ ಹುಡುಗ ಚಿತ್ರದಲ್ಲಿ ಇರಲೇ ಇಲ್ಲ. ಹಿಂದಿನ ಗೋಡೆಯೂ ಇರಲಿಲ್ಲ.

ನನ್ನ ಓದು ನಿಂತಿತು. ನಾನು ಅಳುತ್ತಿದ್ದೇನೆ ಎಂದುಕೊಂಡು ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಮಿಸ್ಸಮ್ಮ ನನ್ನ ಭುಜದ ಮೇಲೆ ಕೈಯಿಟ್ಟರು. ನಾನು ಮುಂದಿನ ಸಾಲು ಓದಿದೆ.

ಮನೆಗೆ ಹೋಗುವಾಗ ಕಾರಿನಲ್ಲಿ ಮಿಸ್ಸಮ್ಮನಿಗೆ ಹೇಳಿದೆ, ಅದು ನನ್ನ ತಾಯಿ ಎಂದು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೂರು ವಾರ ದಿನವೂ ಅವ್ವನನ್ನು ನೋಡಿದ್ದರು, ನಮ್ಮ ಮನೆಯಲ್ಲಿ ಕೂತು ಅವ್ವ ಬಡಿದ ರೊಟ್ಟಿ ತಿಂದಿದ್ದರು. ಆದರೂ ಫೋಟೋದ ಹೆಂಗಸೇ ಆಕೆ ಎಂದು ಹೊಳೆದಿರಲಿಲ್ಲ. ಕಾರು ನಿಲ್ಲಿಸಿ ನನ್ನನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಈಗ ಕ್ಷಮೆ ಕೇಳುತ್ತಾರೆ, ಆ ಚಿತ್ರ ತೆಗೆದುಹಾಕುತ್ತಾರೆ ಎಂದು ನಾನು ಕಾದೆ. ಅವರು ಹೇಳಿದ್ದು ಬೇರೆ. ಹಾಗಿದ್ದರೆ ನಾಳೆಯಿಂದ ಅದನ್ನೂ ಹೇಳು, ಇದು ನನ್ನ ತಾಯಿ ಎಂದು ಹೇಳು, ಜನರ ಹೃದಯ ಮುಟ್ಟುತ್ತದೆ ಎಂದರು.

ನಾನು ಪೂರ್ತಿ ಸುಮ್ಮನಿರಲಿಲ್ಲ. ಅವ್ವ ಕೇಳಿದ್ದು ಗುಂಡನ್ನು, ಗೋಡೆ ಸೊಟ್ಟಗಿತ್ತು, ಅದನ್ನು ಬಿಚ್ಚಿ ಕಟ್ಟಿದವರು ನನ್ನ ತಂದೆ ತಾಯಿ ಎಂದೆ. ಅವರು ಕಾರನ್ನು ಮತ್ತೆ ರಸ್ತೆಗೆ ತಂದರು. ಆಮೇಲೆ ಮೆಲ್ಲಗೆ, ಆ ಹುಡುಗರೂ ಅವರ ತಂದೆ ತಾಯಿಯರೂ ಈ ಸಭೆಗಳಿಗೆ ಬರುತ್ತಾರೆ, ಅವರಿಗೆ ಇದು ಕೇಳಿಸಬೇಕೇ, ಒಳ್ಳೆಯ ಉದ್ದೇಶಕ್ಕಲ್ಲವೇ ಎಂದರು. ಅದೇ ಉಸಿರಿನಲ್ಲಿ ಬಸವಕಲ್ಯಾಣದ ಮಿಷನ್ ಶಾಲೆಯ ಮಾತು ತೆಗೆದರು. ಅಲ್ಲಿ ನನಗೆ ಕೆಲಸ ಕೊಡಲು ತಾವು ಬರೆಯುವುದಾಗಿ ಮೊದಲೇ ಹೇಳಿದ್ದರು. ಪತ್ರ ಸಿದ್ಧವಾಗಿದೆ ಎಂದರು. ಅವರು ಬೆದರಿಸಲಿಲ್ಲ. ಹಾಗೆ ಬೆದರಿಸುವ ಹೆಂಗಸೂ ಅವರಲ್ಲ. ಎರಡೂ ಮಾತು ಒಂದರ ಪಕ್ಕ ಒಂದು ಬಂದವು, ಅಷ್ಟೇ. ಎರಡನ್ನೂ ಕೂಡಿಸಿ ನೋಡಿದವಳು ನಾನು.

ಮರುದಿನ ಹೇಳಿದೆ. ಅದರ ಮರುದಿನವೂ ಹೇಳಿದೆ. ಐದು ವಾರ, ಸಭೆ ಇದ್ದ ಪ್ರತಿ ಸಂಜೆ, ಅವ್ವನ ಚಿತ್ರದ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು ನಿಂತು, ಇದು ನನ್ನ ತಾಯಿ, ಹಸಿದ ಮಕ್ಕಳಿಗಾಗಿ ಕೈ ಚಾಚಿದ್ದಾಳೆ ಎಂದೆ. ಎಲ್ಲಿ ನಿಲ್ಲಿಸಿದರೆ ಜನ ಮೂಗು ಸೀಟಿಕೊಳ್ಳುತ್ತಾರೆ ಎಂಬುದು ಕೂಡ ನನಗೆ ಗೊತ್ತಾಗಿಬಿಟ್ಟಿತ್ತು. ಸಭೆ ಮುಗಿದ ಮೇಲೆ ಜನ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಒಬ್ಬ ಮುದುಕಿ ತಾನು ತೊಟ್ಟಿದ್ದ ಕೋಟು ಬಿಚ್ಚಿ, ನಿನ್ನ ತಾಯಿಗೆ ಕೊಡು ಎಂದು ನನ್ನ ತೋಳಿನ ಮೇಲೆ ಹಾಕಿದಳು. ಆ ಕೋಟನ್ನು ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಒಂದು ಬೆಂಚಿನ ಮೇಲೆ ಬಿಟ್ಟು ಬಂದೆ. ಥಾಪಿಯನ್ನು ಟ್ರಂಕಿನಿಂದ ತೆಗೆಯುವ ಪ್ರಸಂಗವೇ ಬರಲಿಲ್ಲ.

ಊರಿಗೆ ಬಂದ ದಿನ ಅವ್ವ ತಲೆಗೆ ನೀರು ಹಾಕಿ, ಊಟಕ್ಕೆ ಬಡಿಸಿ, ಎದುರು ಕೂತಳು.

"ನಾವ್ ಕಟ್ಟಿದ ಖೋಲಿ ಸುದ್ದಿ ತಗದ್ರೇನು ಅಲ್ಲಿ?" ಎಂದಳು.

"ನಿನ್ನ ಫೋಟೋ ತೋರ್ಸಿದ್ರವ್ವ. ಪರದಾದ ಮ್ಯಾಲ, ಇಷ್ಟು ದೊಡ್ಡದು."

"ಏನಂದ್ರು?"

"ಗ್ವಾಡಿ ಕಟ್ದಾಕಿ ಇಕಿನೇ ಅಂತ ನಾ ಹೇಳ್ದೆ" ಎಂದೆ.

ಅವ್ವ ಎದ್ದು ಒಳಗೆ ಹೋಗಿ ನನಗೆ ಇನ್ನಷ್ಟು ತುಪ್ಪ ತಂದು ಬಡಿಸಿದಳು. ಮರುದಿನ ಬಾವಿಯ ಹತ್ತಿರ ಹೆಂಗಸರಿಗೆಲ್ಲ ಹೇಳಿದಳು, ಅಮೆರಿಕದ ಚರ್ಚಿನಲ್ಲಿ ತನ್ನ ಫೋಟೋ ಹಾಕಿ, ಈಕೆ ಗೋಡೆ ಕಟ್ಟುವವಳು ಎಂದು ಹೇಳಿದರಂತೆ ಎಂದು.

ನನಗೆ ಬಸವಕಲ್ಯಾಣದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಕೋಣೆ ಮಾಡಿಕೊಂಡೆ. ಎರಡು ವರ್ಷದ ಮೇಲೆ ಇನ್ನೊಂದು ತಂಡ ಹುಮನಾಬಾದಿಗೆ ಬಂತು. ಅವರು ತಂದ ಬಣ್ಣದ ಕರಪತ್ರದ ಮೊದಲ ಪುಟದಲ್ಲಿ ಅವ್ವನ ಚಿತ್ರವಿತ್ತು. ಅವ್ವ ಒಂದನ್ನು ಕೇಳಿ ಪಡೆದು, ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಕಟ್ಟು ಹಾಕಿಸಿ, ಬಾಗಿಲಿಗೆ ಎದುರಾಗಿ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸಿದಳು. ಚಿತ್ರದ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಓದುವವರು ಆ ಮನೆಗೆ ಬರುತ್ತಿರಲಿಲ್ಲ. ರಜೆಗೆ ಹೋದಾಗ ನಾನು ಅದನ್ನು ನೋಡಿದೆ. ತೆಗೆ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಬಂದೆ.

ನನ್ನ ತಂಗಿ ಹೈಸ್ಕೂಲಿಗೆ ಸೇರಿ ಇಂಗ್ಲಿಷ್ ಕಲಿಯತೊಡಗಿದ್ದಳು. ಒಂದು ದಿನ ಓದುವ ಹುಮ್ಮಸ್ಸಿನಲ್ಲಿ ಕಟ್ಟಿನ ಮುಂದೆ ನಿಂತು ಒಂದೊಂದೇ ಪದ ಓದಿ ಅವ್ವನಿಗೆ ಅರ್ಥ ಹೇಳಿದಳಂತೆ.

ಮರುದಿನ ಮಧ್ಯಾಹ್ನ, ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದಾಗ, ಅವ್ವ ಬಸವಕಲ್ಯಾಣದ ಶಾಲೆಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ನನ್ನ ತರಗತಿಯ ಬೆಂಚಿನ ಮೇಲೆ ಕೂತು, ಚೀಲದಿಂದ ಆ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಸಣ್ಣಾಕಿಗೆ ಪೂರಾ ಓದಾಕ ಬರಾಂಗಿಲ್ಲ. ನೀ ಓದು" ಎಂದಳು.

ಕನ್ನಡದಲ್ಲಿ ಹೇಳಿದೆ. ಹಸಿದ ಮಕ್ಕಳು ಎಂದಿದ್ದು, ಸೂರು ಇರಲಿಲ್ಲ ಎಂದಿದ್ದು, ಏನೂ ಬಿಡಲಿಲ್ಲ. ಅವ್ವ ಚಿತ್ರವನ್ನು ನೋಡದೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿದಳು. ಮುಗಿದ ಮೇಲೆ, ಅಲ್ಲಿ ನೀನೂ ಇದನ್ನೇ ಓದಿದೆಯಾ ಎಂದಳು. ಹೌದು ಎಂದೆ. ಅವರಿಗೆ ಗೊತ್ತಿರಲಿಲ್ಲ ಅವ್ವ, ಫೋಟೋ ಯಾವಾಗಿನದೆಂದು ಮಿಸ್ಸಮ್ಮನಿಗೆ ನೆನಪಿರಲಿಲ್ಲ ಎಂದು ಏನೇನೋ ಹೇಳಹೋದೆ.

"ಅವ್ರಿಗಿ ಗೊತ್ತಿದ್ದಿಲ್ಲ" ಎಂದಳು ಅವ್ವ. "ನಿನಗ ಗೊತ್ತಿತ್ತಲ್ಲ."

ಅಷ್ಟು ಹೇಳಿ ಎದ್ದಳು. ನನ್ನ ಕೋಣೆಗೆ ಬಾ, ಊಟ ಮಾಡಿ ಹೋಗು ಎಂದೆ. ಉಂಡು ಬಂದೀನಿ ಎಂದು ನಡೆದಳು. ಕಟ್ಟು ಮೇಜಿನ ಮೇಲೆಯೇ ಉಳಿಯಿತು. ಗಂಟೆ ಹೊಡೆಯಿತು. ಮಕ್ಕಳು ಒಳಗೆ ಬರುವ ಮುಂಚೆ ನಾನು ಅದನ್ನು ಮೇಜಿನ ಖಾನೆಯಲ್ಲಿ ಮುಚ್ಚಿಟ್ಟೆ.

ಆ ವಾರವೇ ಮಿಸ್ಸಮ್ಮನಿಗೆ ಎರಡು ಪುಟದ ಪತ್ರ ಬರೆದೆ. ನಡೆದದ್ದನ್ನು ನಡೆದ ಹಾಗೆ ಬರೆದು, ಆ ಚಿತ್ರ ಇನ್ನು ಅಚ್ಚು ಮಾಡಬೇಡಿ ಎಂದು ಕೇಳಿದ್ದೆ. ವಿಳಾಸಕ್ಕೆಂದು ಪಾದ್ರಿ ಸಾಹೇಬರ ಹತ್ತಿರ ಹೋದಾಗ ಅವರು ಓದಿ ನೋಡಿದರು. ಹಾಸ್ಟೆಲಿನ ಹುಡುಗಿಯರ ಊಟ ಅಲ್ಲಿಂದ ನಡೆಯುತ್ತದೆ, ಒಬ್ಬಳ ಮಾನಕ್ಕಾಗಿ ಅಷ್ಟು ಮಕ್ಕಳ ತುತ್ತು ಕಿತ್ತುಕೊಳ್ಳುತ್ತೀಯಾ ಎಂದು ಕೇಳಿದರು. ನಾನೂ ಆ ಹಾಸ್ಟೆಲಿನ ಅನ್ನ ಉಂಡವಳೇ. ಪತ್ರ ವಾಪಸು ತಂದು ಹರಿದೆ. ಮಕ್ಕಳಿಗಾಗಿ ಹರಿದೆ ಎಂದು ಬಹಳ ವರ್ಷ ಹೇಳಿಕೊಂಡೆ. ನನ್ನ ಕೆಲಸವೂ ಅದೇ ಕಡೆಯಿಂದ ಬಂದದ್ದೆಂಬುದು ಆ ಹೊತ್ತಿಗೆ ನೆನಪಿರಲಿಲ್ಲವೆಂದು ಮಾತ್ರ ಹೇಳಲಾರೆ.

ಅವ್ವ ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಒಂದು ದಿನ ಕಾಲು ಹಿಡಿದು ಕ್ಷಮೆ ಕೇಳಬಹುದಿತ್ತು. ಚರ್ಚಿಗೂ ಪ್ರತಿ ಭಾನುವಾರ ಹೋದಳು, ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಳು. ಹೊರದೇಶದ ತಂಡ ಬರುವ ವಾರ ಮಾತ್ರ ಗಂಟು ಕಟ್ಟಿಕೊಂಡು ಘಾಟಬೋರಾಳದ ತಮ್ಮನ ಮನೆಗೆ ಹೋಗಿಬಿಡುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮತ್ತೊಂದು ತಂಡ ಬಂತು. ಮಾತು ತಿಳಿಸಲು ಬೇರೆ ಯಾರೂ ಇಲ್ಲ, ಎರಡು ದಿನ ರಜೆ ಹಾಕಿ ಬಾ ಎಂದು ಪಾದ್ರಿ ಸಾಹೇಬರು ಹೇಳಿ ಕಳಿಸಿದರು. ನಾನು ಹೋದೆ. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಘಾಟಬೋರಾಳದ ಬಸ್ಸಿನ ಕಿಟಕಿಯಲ್ಲಿ ಅವ್ವ ಕೂತಿದ್ದಳು. ಹತ್ತಿರ ಹೋದೆ. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. ತಂಗಿಗೆ ಬಂದ ಹುಡುಗನ ವಿಷಯ ಹೇಳಿದಳು, ಅಪ್ಪನ ಕಣ್ಣಿನ ಔಷಧಿ ಮುಗಿದಿದೆ ಎಂದಳು. "ಉಂಡಿಯೇನು?" ಎಂದು ಕೇಳಿದಳು. ಹೂಂ ಎಂದೆ. ಕಂಡಕ್ಟರ್ ಬಂದು ಟಿಕೆಟ್ ಹರಿದುಕೊಟ್ಟ. ಬಸ್ಸು ಹೊರಟಿತು. ನಾನು ಸೀರೆಯ ಸೆರಗು ಸರಿಮಾಡಿಕೊಂಡು ಚರ್ಚಿನ ಕಡೆ ನಡೆದೆ. ಗೇಟಿನ ಹತ್ತಿರ ಹುಡುಗ ಹುಡುಗಿಯರು ಜೀಪಿನಿಂದ ಪೆಟ್ಟಿಗೆ ಇಳಿಸುತ್ತಿದ್ದರು.